ಮಾಲಿ ತೆಗೆದಿಟ್ಟು ಒಪ್ಪಿಕೊಂಡ ತಪ್ಪು

“ವಕೀಲರು ಎಲ್ಲಿ ಅದಾರ್ರಿ?”

ನನ್ನ ಆಫೀಸಿನ ಬಾಗಿಲದಾಗ ನಿಂತು, ನನ್ನ ಮಾರಿ ನೋಡಿಕೋತನ ಆ ಹೆಣ್ಮಗಳು ಕೇಳಿದ್ಳು. ಕರೀ ಕೋಟು ಕುರ್ಚಿಗೆ ತೂಗಹಾಕಿದ್ದೆ, ಮೇಜಿನ ಮ್ಯಾಲ ಕಾಗದಪತ್ರ ಗುಡ್ಡಾ ಬಿದ್ದಿದ್ದವು, ಆದರೂ ಆಕಿಗೆ ವಕೀಲ ಅಂದ್ರ ಒಬ್ಬ ಗಂಡಸು ಒಳಗಿಂದ ಎದ್ದು ಬರಬೇಕು. ಇಂಥಾದ್ದು ದಿನಾ ಒಂದು ಇರತಿತ್ತು. “ನಾನ ವಕೀಲ. ಏನ್ ಬೇಕಾಗಿತ್ತು?” ಅಂದೆ, ಸ್ವಲ್ಪ ಬಿರುಸಾಗೇ. ಆಕಿ ನಾಚಲಿಲ್ಲ, ಹೆದರಲಿಲ್ಲ. ಹಿಂದಕ್ಕ ಹೊಳ್ಳಿ, “ಬರ್ರಿ ಒಳಗ. ಮಾನ ಹೋಗೂದು ಹೋಗೇತಿ, ಇನ್ನೇನ ಮರಿಗೆ ನಿಂತೀರಿ” ಅಂತ ಗಂಡನ್ನ ಕರದ್ಳು.

ನಾನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಹಿಂಗ ನಾಲ್ಕೂ ಊರಿನ ಕೋರ್ಟಿಗೆ ಬಸ್ಸು ಹಿಡದು ಓಡಾಡಿದಾಕಿ. ಈ ಕೇಸು ಯಾವ ಕೋರ್ಟಿಂದು ಅಂತ ಮಾತ್ರ ಹೇಳಂಗಿಲ್ಲ. ತೊಂಬತ್ತರ ದಶಕ ಮುಗೀಲಿಕ್ಕ ಬಂದಿತ್ತು, ಅಷ್ಟ ಸಾಕು. ಅದರ ಸಿಟ್ಟು ನನಗ ಇನ್ನೂ ಇಳದಿಲ್ಲ.

ಗಂಡ ತಾಂಬಾ ಕಡೆಯವ. ಲಿಂಬಿ ವ್ಯಾಪಾರ ಮಾಡೂ ಒಬ್ಬ ಸಾವಕಾರನ ಜೀಪಿನ ಡ್ರೈವರ್. ಕುಂದರು ಅಂದರೂ ಕುಂದರಲಿಲ್ಲ, ಗ್ವಾಡಿಗೆ ಬೆನ್ನು ಹಚ್ಚಿ ನಿಂತ. ಮಾತಾಡಿದಾಕಿ ಹೆಂಡತಿ. “ಅಕ್ಕಾರ, ಇವ್ರು ದಾರೂ ಕುಡದು ಗಾಡಿ ಹೊಡದಾರಂತ ಕೋರ್ಟಿನ್ಯಾಗ ಬರದಾರ್ರಿ. ಈ ಮನಷ್ಯಾ ಹುಟ್ಟಿದಾಗಿನಿಂದ ದಾರೂ ಮುಟ್ಟಿಲ್ಲ. ತುಳಸಿ ಮಾಲಿ ಹಾಕಿದಾವ್ರಿ, ಪ್ರತಿ ವರ್ಷಾ ಪಂಢರಪುರಕ್ಕ ಭಜನಿ ಮಾಡಿಕೋತ ಹೋಗೂ ದಿಂಡಿ ಜೋಡಿ ನಡಕೋತ ಹೋಗಾವ. ಅದನ್ನ ಅಳಿಸಿ ಕೊಡ್ರಿ.”

ಅವನ ಕೊರಳು ನೋಡಿದೆ. ಮಾಲಿ ಇರಲಿಲ್ಲ. ಮಾಲಿ ಇದ್ದ ಜಾಗಾ ಮಾತ್ರ ಬೆಳ್ಳಗ ಉಳದಿತ್ತು.

ಆಗಿದ್ದು ಇಷ್ಟು. ಬ್ಯಾಸಗಿ ಮಧ್ಯಾಹ್ನ, ಸಾವಕಾರ ಅಗರಖೇಡ ಕಡೆಯಿಂದ ಒಂದು ಮದವಿ ಊಟ ಮುಗಿಸಿಕೊಂಡು ಹೊಂಟಿದ್ದ. ಊಟದ ಜೋಡಿ ಮತ್ತೊಂದೂ ಆಗಿತ್ತು. ಡ್ರೈವರನ್ನ ಬಾಜೂಕ ಕುಂದರಿಸಿ, “ಸರಿಯೋ ಆಚೀಕ, ನಾ ಹೊಡೀತೇನಿ” ಅಂತ ತಾನ ಸ್ಟೇರಿಂಗ್ ಹಿಡದ. ಊರ ಹತ್ರ ಬರೂದ್ರಾಗ ರಸ್ತಾದ ಬದಿಗಿದ್ದ ಅರವಟಗಿಗೆ ಜೀಪು ಒಯ್ದು ಹೊಡದ. ಚಪ್ಪರ ಬಿತ್ತು, ಕುಡಿಯೂ ನೀರಿನ ಗಡಿಗಿ ಒಡದವು. ಪುಣ್ಯಾಕ ನೆಳ್ಳಾಗ ಯಾರೂ ಕುಂತಿರಲಿಲ್ಲ. ಜನಾ ಕೂಡೂದ್ರಾಗ ಸಾವಕಾರ ಇಳದ, ಡ್ರೈವರನ್ನ ಸ್ಟೇರಿಂಗ್ ಕಡೆ ನೂಕಿದ, ಸೀಟಿನ ಕೆಳಗಿದ್ದ ಬಾಟ್ಲಿ ತಗದು ಅವನ ಅಂಗಿ ಮ್ಯಾಲ ಸುರುವಿದ.

“ಬಾಯಾಗೂ ಹಾಕ್ಕೋ ಅಂದ್ರಿ ಸಾವಕಾರ್ರು” ಅಂತ ಡ್ರೈವರ್ ಮೊದಲನೇ ಸಲ ಬಾಯಿ ಬಿಟ್ಟ. “ಹಲ್ಲು ಕಚ್ಚಿ ಹಿಡದೆ. ಅದೊಂದು ಮಾತು ಕೇಳಲಿಲ್ರಿ ನಾ.”

ಸ್ಟೇಶನ್ನಿಗೆ ಒಯ್ದ್ರು, ದವಾಖಾನಿಗೆ ಒಯ್ದ್ರು, ವಾಸನಿ ಬರ್ತೈತಿ ಅಂತ ಸರ್ಟಿಫಿಕೇಟ್ ಆತು. ಸಾವಕಾರನ ವಕೀಲರು ಜಾಮೀನು ಕೊಡಿಸಿದ್ರು. ಮುಂದ ತಾರೀಖಿನ ದಿನ ಅದ ವಕೀಲರು, “ಒಪ್ಪಿಕೊಂಡು ಬಿಡಪಾ, ದಂಡ ಸಾವಕಾರ್ರು ತುಂಬತಾರ, ಊಟದ ಹೊತ್ತಿಗೆ ಮನ್ಯಾಗಿರ್ತಿ” ಅಂದ್ರು. ಇಂವ ಕೋರ್ಟಿನ ಕಟ್ಟಿ ಮ್ಯಾಲ ನಿಂತು ಕೊರಳಾಗಿನ ಮಾಲಿ ಬಿಚ್ಚಿ ಹೆಂಡತಿ ಕೈಯಾಗ ಕೊಟ್ಟ. ಒಳಗ ಹೋಗಿ ತಪ್ಪು ಒಪ್ಪಿಕೊಂಡು ಬಂದ.

“ಮಾಲಿ ಯಾಕ ಬಿಚ್ಚಿದಿ?” ಅಂತ ಕೇಳಿದೆ.

“ಅದನ್ನ ಹಾಕ್ಕೊಂಡು ಸುಳ್ಳು ಹೆಂಗ ಹೇಳಲ್ರಿ ಅಕ್ಕಾರ?”

ನನ್ನ ತಲಿ ಕೆಟ್ಟು ಗಿಮ್ಮಂತು. “ಅಲ್ಲೋ ಮಾರಾಯಾ, ಮಾಲಿ ಬಿಚ್ಚೂ ಬದಲಿ ಸುಳ್ಳ ಬಿಡಬೇಕಾಗಿತ್ತಲ್ಲೋ! ಅದು ಹೊಳೀಲಿಲ್ಲೇನು?”

“ಸಾವಕಾರ್ರ ಉಪ್ಪು ತಿಂದೇನ್ರಿ” ಅಂದ. ಈ ಮಾತು ನಮ್ಮ ಕಡೆ ಎಷ್ಟು ಮಂದಿನ್ನ ಹಾಳು ಮಾಡೇತೋ ಏನೋ. ಅವನ ಲೆಕ್ಕದಾಗ ಎಲ್ಲಾ ಸರಿ ಇತ್ತು. ಸುಳ್ಳು ಹೇಳೂ ಹೊತ್ತಿನ್ಯಾಗ ಮಾಲಿ ಕೊರಳಾಗ ಇರಲಿಲ್ಲ, ಅಂದ ಮ್ಯಾಲ ವಿಠೋಬಂಗ ಅಪಚಾರ ಆಗಿಲ್ಲ, ಸಂಜಿಕ ಮತ್ತ ಹಾಕ್ಕೊಂಡರಾತು. ದಿಂಡಿ ನಡಸೂ ಹಿರ್ಯಾರ ಲೆಕ್ಕ ಬ್ಯಾರೇನ ಇತ್ತು. ಅವರನ್ನ ಎಲ್ಲಾರೂ ಮಹಾರಾಜರು ಅಂತಿದ್ದರು. ಒಮ್ಮೆ ತಗದ ಮಾಲಿ ಅವರ ಕೈಲೇನ ಹಾಕಿಸಿಕೋಬೇಕು. ಅವರು ಮಂದಿ ಮುಂದ ಅಂದರಂತ: “ನಿನ್ನ ಬಾಯಿಲೇನ ಕುಡದೇನಿ ಅಂತ ಕೋರ್ಟಿನ್ಯಾಗ ಒಪ್ಪಿದಿ. ಮಾಲಿ ಹಾಕಿದವ್ರು ದಾರೂ ಕುಡಿಯವ್ರ ಕೈಲೆ ನೀರೂ ಕುಡಿಯಂಗಿಲ್ಲ, ನಿನ್ನ ಕೈಯಾಗ ದಿಂಡಿ ಪತಾಕಿ ಹೆಂಗ ಕೊಡ್ಲಿ? ನೀ ಕುಡದಿಲ್ಲ ಅಂತ ಕೋರ್ಟ ಹೇಳಲಿ, ಅವತ್ತು ಹಾಕ್ತೇನಿ.”

ಪತಾಕಿ ಹಿಡಿಯೂದು ಅವನ ಅಪ್ಪನ ಕಾಲದಿಂದ ಅವರ ಮನಿತನಕ್ಕ ಬಂದಿದ್ದು. ಆ ಕೇಸಿನ್ಯಾಗ ಅವನ ಡ್ರೈವಿಂಗ್ ಲೈಸೆನ್ಸೂ ಆರು ತಿಂಗಳು ರದ್ದಾಗಿತ್ತು. ಒಪ್ಪಿಕೊಂಡ್ರ ಲೈಸೆನ್ಸ್ ಹೋಗ್ತೈತಿ ಅಂತ ಆ ವಕೀಲರು ಒಂದು ಮಾತು ಹೇಳಿರಲಿಲ್ಲ! ಅದನ್ನ ಕೇಳಿ ನಾ ಕುರ್ಚಿ ಬಿಟ್ಟು ಎದ್ದು ನಿಂತೆ. ಅವಂಗ ಅದರ ಚಿಂತಿ ಇರಲಿಲ್ಲ. “ಕೂಲಿ ಮಾಡ್ತೇನ್ರಿ, ರಟ್ಟಿ ಗಟ್ಟಿ ಅದಾವ. ಮಾಲಿ ಒಂದು ತಿರುಗಿ ಬರಬೇಕ್ರಿ” ಅಂದ.

ವಕಾಲತ್ತು ಹಾಕಿಸಿಕೊಂಡೆ. ಸಾವಕಾರನ ವಕೀಲರು ಮರುದಿನಾನ ಕೋರ್ಟಿನ ಬಾರ್ ರೂಮಿನ್ಯಾಗ ನನ್ನ ತಡದು ನಕ್ಕರು. “ಏನ್ ಮೇಡಂ, ಒಪ್ಪಿಕೊಂಡ ಕೇಸಿಗೆ ಅಪೀಲಾ?” ನಗಲಿ. ಅವರು ಹೇಳಿದ್ದು ಅರ್ಧ ಖರೇನ ಇತ್ತು. ತಾನಾಗಿ ತಪ್ಪು ಒಪ್ಪಿಕೊಂಡಾವ ಅಪೀಲು ಮಾಡಾಕ ಬರಂಗಿಲ್ಲ, ಶಿಕ್ಷಾ ಹೆಚ್ಚಾತು ಅಂತ ಬೇಕಾದ್ರ ಕೇಳಬಹುದು. ಶಿಕ್ಷಾ ಕಡಿಮಿ ಮಾಡಿಸಿಕೊಂಡು ನಾವೇನ ಮಾಡೂದು? ಕುಡಕ ಅನ್ನೂದು ಹಂಗ ಉಳೀತಿತ್ತು.

ಇನ್ನೊಂದು ಹಾದಿ ಇತ್ತು. ಕೆಳಗಿನ ಕೋರ್ಟು ನಡದುಕೊಂಡ ರೀತಿನ ತಪ್ಪಂತ ವಿಜಾಪುರದ ಸೆಶನ್ಸ್ ಕೋರ್ಟಿಗೆ ರಿವಿಜನ್ ಹಾಕೂದು. ಆರೋಪ ಏನಂತ ಆರೋಪಿಗೆ ತಿಳಿಯೂ ಹಂಗ ಹೇಳಬೇಕು. ಅವ ಒಪ್ಪಿಕೊಂಡ್ರ, ಯಾವ ಮಾತಿನ್ಯಾಗ ಒಪ್ಪಿದನೋ ಆದಷ್ಟು ಅದ ಮಾತಿನ್ಯಾಗ ಬರಕೋಬೇಕು. ಕಾಯಿದೆ ಹಂಗ ಹೇಳ್ತೈತಿ. ನಕಲು ತಗಸಿ ನೋಡಿದೆ. ಇಂಗ್ಲಿಷಿನ್ಯಾಗ ಟೈಪ್ ಹೊಡದ ಒಂದ ಸಾಲು, ಆರೋಪಿ ತಪ್ಪು ಒಪ್ಪಿಕೊಂಡಿದ್ದಾನೆ ಅಂತ. ಅದ ದಿನದ ಬ್ಯಾರೆ ಕೇಸು ತಗದು ನೋಡಿದೆ. ಎತ್ತು ಬಿಟ್ಟು ಪೈರು ಮೇಯಿಸಿದಾವ, ದೀಪ ಇಲ್ಲದ ಸೈಕಲ್ಲಿನಾವ, ನನ್ನ ಡ್ರೈವರ್, ಎಲ್ಲಾರೂ ಅದ ಇಂಗ್ಲಿಷ್ ಸಾಲಿನ್ಯಾಗ ಒಪ್ಪಿಕೊಂಡಿದ್ದರು! ಇಂಗ್ಲಿಷಿನ ಗಾಳಿ ಸೋಕದ ಬಾಯಿಗಳು ಎಲ್ಲಾ.

“ಖರೇ ಹೇಳು, ಅವತ್ತು ಸಾಹೇಬ್ರು ಏನ್ ಕೇಳಿದ್ರು, ನೀ ಏನಂದಿ?” ಅಂತ ಡ್ರೈವರನ್ನ ಕೇಳಿದೆ.

“ಹೆಸರು ಕರದ್ರು. ಕೈ ಮುಗದೆ. ಹೌದಿಲ್ಲೋ ಅಂದ್ರು. ಹೌದ್ರಿ ಅಂದೆ. ಮುಗೀತ್ರಿ.”

ಅಷ್ಟಕ್ಕ ಒಬ್ಬ ಮನಷ್ಯಾನ ಹಣಿ ಮ್ಯಾಲ ಕುಡಕ ಅಂತ ಬರದಿದ್ದರು. ನಾ ಅರ್ಜಿ ಬರಿಯೂ ಹೊತ್ತಿಗೆ ಪೆನ್ನು ಎಷ್ಟು ಒತ್ತಿದ್ದೆನಂದ್ರ ಕೆಳಗಿನ ಹಾಳಿ ಮ್ಯಾಲೂ ಅಕ್ಷರ ಮೂಡಿದ್ದವು.

ಸೆಶನ್ಸ್ ಕೋರ್ಟು ಮೊದಲು ಶಿಕ್ಷಾಕ್ಕ ತಡಿ ಕೊಡ್ತು. ಲೈಸೆನ್ಸ್ ಕೈಗೆ ಬಂತು. ಸಾವಕಾರ ಅವನ್ನ ಕೆಲಸದಿಂದ ಬಿಡಿಸಿ ಒಗದಿದ್ದ, ಹಿಂಗಾಗಿ ಮನಗೂಳಿಯ ಒಬ್ಬ ಕಾಳಿನ ವ್ಯಾಪಾರಿ ಹತ್ರ ಟೆಂಪೋ ಹೊಡಿಯಾಕ ಹೋದ. ಆದ್ರ ರಿವಿಜನ್ ಮುಗೀಲಿಲ್ಲ. ಒಂದು ತಾರೀಖಿಗೆ ಕೆಳಗಿನ ಕೋರ್ಟಿನ ಕಾಗದಾ ಬಂದಿರಲಿಲ್ಲ, ಇನ್ನೊಂದಕ್ಕ ಸಾಹೇಬ್ರು ರಜಾ, ಮತ್ತೊಂದಕ್ಕ ವಕೀಲರ ಬಹಿಷ್ಕಾರ. ಆಷಾಢಿ ಏಕಾದಶಿ ಬಂದ ಬಿಡ್ತು. ದಿಂಡಿ ಅವನ್ನ ಬಿಟ್ಟು ಹೋತು, ಪತಾಕಿ ಬ್ಯಾರೆಯವ ಹಿಡದ. ಆ ವಾರ ಹೆಂಡತಿ ಒಬ್ಬಾಕಿನ ಆಫೀಸಿಗೆ ಬಂದು, “ಊಟ ಬಿಟ್ಟಾರ್ರಿ. ಬೈದ್ರೂ ಮಾತಾಡವಲ್ರು. ನೀವಾದ್ರೂ ಬಂದು ಬೈರಿ” ಅಂದ್ಳು. ನಾ ಹೋಗಲಿಲ್ಲ. ನನಗ ಅವನ ಮ್ಯಾಲಲ್ಲ, ಆ ಮಹಾರಾಜರ ಮ್ಯಾಲ ಸಿಟ್ಟು ಬಂದಿತ್ತು.

ಕಡೀಕ ಸೆಶನ್ಸ್ ಸಾಹೇಬ್ರು ನನ್ನ ವಾದಾ ಕೇಳಿದ್ರು. “ಕನ್ನಡ ಬಿಟ್ಟು ಬ್ಯಾರೆ ಭಾಷಾ ಬರದಾವ ಇಂಗ್ಲಿಷಿನ್ಯಾಗ ಹೆಂಗ ಒಪ್ಪಿದ?” ಅಂತ ಸರಕಾರಿ ವಕೀಲರನ್ನ ಕೇಳಿದ್ರು. ತೀರ್ಪು ರದ್ದಾತು, ಕೇಸು ಹೊಸದಾಗಿ ನಡಸ್ರಿ ಅಂತ ವಾಪಸ್ ಬಂತು.

ಹೊಸಾ ವಿಚಾರಣಿ ಹೊಸಾ ಮ್ಯಾಜಿಸ್ಟ್ರೇಟರ ಮುಂದ ನಡೀತು. ಕುಡದು ಗಾಡಿ ಹೊಡದ ಅಂತ ಸಾಬೀತು ಮಾಡಬೇಕಾದ್ರ ರಕ್ತದಾಗೋ ಉಸರಿನ್ಯಾಗೋ ದಾರೂ ಅಳದು ತೋರಿಸಬೇಕು. ನಮ್ಮ ತಾಲೂಕುಗಳ ಸ್ಟೇಶನ್ನಿನ್ಯಾಗ ಆವಾಗ ಊದೂ ಮಿಶನ್ ಎಲ್ಲಿಂದ ಬರಬೇಕು? ರಕ್ತ ತಗದಿರಲಿಲ್ಲ. ಇದ್ದದ್ದು ಡಾಕ್ಟರ ಸರ್ಟಿಫಿಕೇಟ್ ಒಂದ. ದಾರೂ ವಾಸನಿ ಐತಿ, ನಡಿಗಿ ಸರಿ ಐತಿ, ಮಾತು ಸ್ಪಷ್ಟ ಐತಿ.

ಡಾಕ್ಟರು ಕಟಕಟಿಗೆ ಬಂದ್ರು. ನಾ ಕೇಳಿದೆ: “ಆರೋಪಿ ಬಾಯಿ ತಗಿಸಿ ವಾಸನಿ ನೋಡಿದ್ರೇನು?”

ಅವರು ನೆನಪು ಮಾಡ್ಕೊಂಡ್ರು. “ಇಲ್ಲ. ಕೋಣಿಯೊಳಗ ಬರತಿದ್ದಂಗ ವಾಸನಿ ಹೊಡೀತು.”

“ಅವನ ಅಂಗಿ ಹೆಂಗಿತ್ತು?”

“ಎದಿ ಮ್ಯಾಲ ತೊಯ್ದಿತ್ತು.”

“ಹಂಗಾದ್ರ ವಾಸನಿ ಬಾಯಿಂದ ಬಂತೋ ಅಂಗಿಯಿಂದ ಬಂತೋ?”

“ಹೇಳಾಕ ಬರಂಗಿಲ್ಲ” ಅಂದ್ರು ಡಾಕ್ಟರು. ಪ್ರಾಮಾಣಿಕ ಮನಷ್ಯಾ, ಸುತ್ತಿ ಬಳಸಿ ಮಾತಾಡಲಿಲ್ಲ.

ಕೇಸು ಅಲ್ಲೇ ಬಿತ್ತು. ಹೊರಗ ಸರಕಾರಿ ವಕೀಲರು ನನ್ನ ಹತ್ರ ಬಂದು, “ಮೇಡಂ, ನೀವು ಗೆದ್ದೀರಿ. ಇನ್ನ ಸಾಕ್ಷಿ ಗೀಕ್ಷಿ ಏನೂ ಕೊಡಬ್ಯಾಡ್ರಿ. ವಾದಾ ಮಾಡ್ರಿ, ಬಿಡಗಡಿ ತಗೊಳ್ರಿ” ಅಂದ್ರು. ಅವರ ಮಾತು ಕಾಯಿದೆ ಪ್ರಕಾರ ಬರೋಬ್ಬರಿ ಇತ್ತು. ಆದ್ರ ಹಂಗ ಬಂದ ಬಿಡಗಡಿಯೊಳಗ ಏನಿರತೈತಿ? ಸರಕಾರ ಸಾಬೀತು ಮಾಡಲಿಲ್ಲ ಅಂತಿರತೈತಿ. ಇಂವ ಕುಡದಿರಲಿಲ್ಲ ಅಂತ ಇರಂಗಿಲ್ಲ. ಆ ಮಹಾರಾಜರು ಬರೂ ತೀರ್ಪನ್ನ ಹಿಂಡಿ ನೋಡ್ತಾರಂತ ನನಗ ಗೊತ್ತಿತ್ತು.

ಇನ್ನೊಂದು ದಾರಿ ಇತ್ತು. ಆರೋಪಿ ತಾನಾಗಿ ಬರದು ಕೊಟ್ರ ಪ್ರಮಾಣ ಮಾಡಿ ಸಾಕ್ಷಿ ಹೇಳಬಹುದು. ಗೆದ್ದ ಕೇಸಿನ್ಯಾಗ ಯಾವ ವಕೀಲನೂ ಹಂಗ ಮಾಡಂಗಿಲ್ಲ. ಸರಕಾರಿ ವಕೀಲರು ಒಂದು ಅಡ್ಡ ಪ್ರಶ್ನೆ ಹಾಕಿದ್ರ ಎಲ್ಲಾ ಮಣ್ಣುಪಾಲು ಆಗಬಹುದು. ಕೋರ್ಟಿನ ಆವರಣದ ಬೇವಿನ ಗಿಡದ ಕೆಳಗ ಗಂಡ ಹೆಂಡತಿನ್ನ ಕುಂದರಿಸಿ ಎರಡೂ ದಾರಿ ಬಿಡಿಸಿ ಹೇಳಿದೆ.

“ಸಾಕ್ಷಿ ಹೇಳ್ತೇನ್ರಿ” ಅಂದ. ಆಮ್ಯಾಲ ನೆಲಾ ನೋಡಿಕೋತ, “ನಾ ಕುಡದಿಲ್ಲ, ನಾ ಹೊಡದಿಲ್ಲ ಅಂತೇನಿ. ಸಾವಕಾರ್ರ ಹೆಸರು ಮಾತ್ರ ತಗಿಯಂಗಿಲ್ರಿ” ಅಂದ.

“ಹಂಗಾದ್ರ ಜೀಪು ತಾನ ಓಡಿತೇನೋ?” ಅಂತ ಚೀರಿದೆ. ಗಿಡದ ಕೆಳಗಿದ್ದ ಮಂದಿ ಎಲ್ಲಾ ತಿರುಗಿ ನೋಡ್ತು. “ಅವ ನಿನ್ನ ಅಂಗಿ ಮ್ಯಾಲ ದಾರೂ ಸುರುವಿದ, ನಿನ್ನ ಮಾಲಿ ಬಿಚ್ಚಿಸಿದ, ಕೆಲಸದಿಂದ ಹೊರಗ ಹಾಕಿದ. ಇನ್ನೂ ಯಾವ ಉಪ್ಪೋ ಅದು?”

ಹೆಂಡತಿ ಅಂದ್ಳು, “ಅಕ್ಕಾರ, ನಾ ಇದನ್ನ ಒಂದು ವರ್ಷದಿಂದ ಕೇಳಾಕತ್ತೇನ್ರಿ.”

ಅವತ್ತು ನಿರ್ಧಾರ ಮಾಡಿದೆ. ಅವನನ್ನ ಕಟಕಟಿಗೆ ಹತ್ತಿಸೂದು. ಅಲ್ಲಿ ನಿಂತ ಮ್ಯಾಲ ಪ್ರಶ್ನೆ ಕೇಳೂದು ನನ್ನ ಕೈಯಾಗೈತಿ. ಹೇಳ್ತಾನೋ ಬಿಡ್ತಾನೋ ಅವನ ಇಷ್ಟ. ಆದ್ರ ಆ ಪ್ರಶ್ನೆ ಕೋರ್ಟಿನ್ಯಾಗ ಒಂದು ಸಲ ಆದರೂ ಗಟ್ಟಿಯಾಗಿ ಕೇಳಸಬೇಕು ಅಂತ ನನಗ ಹಟ ಬಂದಿತ್ತು.

ಆ ದಿನ ಸಾವಕಾರ ಬಂದು ಹಿಂದಿನ ಬಾಕಿನ ಮ್ಯಾಲ ಕುಂತಿದ್ದ. ಬಿಳೀ ಅಂಗಿ, ಬಿಳೀ ಧೋತರ, ಕೈಯಾಗ ಎಲಿ ಅಡಿಕಿ ಚೀಲ. ಡ್ರೈವರ್ ಪ್ರಮಾಣ ಮಾಡಿದ. ಹುಟ್ಟಿದಾಗಿನಿಂದ ದಾರೂ ಮುಟ್ಟಿಲ್ಲ ಅಂದ. ಅವತ್ತು ಜೀಪು ನಾ ಹೊಡೀಲಿಲ್ಲ ಅಂದ. ಅಂಗಿ ಮ್ಯಾಲ ದಾರೂ ಬಿದ್ದಿತ್ತು, ಬಾಯಾಗ ಹೋಗಲಿಲ್ಲ ಅಂದ.

“ಜೀಪು ಯಾರು ಹೊಡೀತಿದ್ದರು?” ಅಂತ ಕೇಳಿದೆ.

ಅವ ನನ್ನ ನೋಡಿದ. ಹಿಂದಿನ ಬಾಕ ನೋಡಿದ. ಆಮ್ಯಾಲ ಕಟಕಟಿ ಹಿಡದ ತನ್ನ ಕೈ ನೋಡಿಕೋತ ನಿಂತ. ಮತ್ತೊಮ್ಮೆ ಕೇಳಿದೆ. ಸರಕಾರಿ ವಕೀಲರು ಎದ್ದು, ಈ ಪ್ರಶ್ನೆಗೂ ಕೇಸಿಗೂ ಸಂಬಂಧ ಇಲ್ಲಂದ್ರು. ಸಂಬಂಧ ಇಲ್ಲಂತ! ಸಾಹೇಬ್ರು ಗಡಿಯಾರ ನೋಡಿ, “ಮುಂದಿನ ಪ್ರಶ್ನೆ ಕೇಳ್ರಿ ಮೇಡಂ” ಅಂದ್ರು. ಆ ಉತ್ತರ ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ. ನನ್ನ ಕಿವಿ ಕಾದು ಕೆಂಪಾಗಿದ್ದವು. “ಮುಂದಿನ ಪ್ರಶ್ನೆ ಇಲ್ಲ” ಅಂತ ಹೇಳಿ ಕುಂತೆ.

ಬಿಡಗಡಿ ಆತು. ಆರೋಪಿ ಮದ್ಯ ಕುಡಿದಿದ್ದನೆಂದು ತೋರಿಸುವ ಪುರಾವೆ ಇಲ್ಲ ಅಂತ ಸಾಹೇಬ್ರು ಓದಿದ್ರು. ಸಾವಕಾರನ ಮ್ಯಾಲ ಯಾರೂ ಕೇಸು ಹಾಕಲಿಲ್ಲ. ಹೊರಗ ಬಂದ ಕೂಡ್ಲೇ ಹೆಂಡತಿ ಕೇಳಿದ್ಳು, “ಇವ್ರು ಕುಡದಿಲ್ಲ ಅಂತ ಬರದಾರೇನ್ರಿ?” ಕುಡದಾನ ಅನ್ನಾಕ ಪುರಾವಿ ಇಲ್ಲ ಅಂತ ಬರದಾರವ್ವಾ ಅಂದೆ. ಆಕಿ ಎರಡೂ ಒಂದ ಅಲ್ಲ ಅನ್ನೂದನ್ನ ತಕ್ಷಣ ತಿಳಕೊಂಡ್ಳು.

ಮಹಾರಾಜರೂ ತಿಳಕೊಂಡ್ರು. “ಪುರಾವಿ ಇಲ್ಲ ಅಂದಾರ, ಕುಡದಿಲ್ಲ ಅಂದಿಲ್ಲ. ದಿಂಡಿ ಹಿಂದ ನಡದು ಬರಲಿ, ಬ್ಯಾಡ ಅನ್ನಂಗಿಲ್ಲ. ಮಾಲಿದು ಮುಂದ ನೋಡೂನು” ಅಂತ ಹೇಳಿ ಕಳಿಸಿದ್ರು. ದಿಂಡಿಯ ಮೊದಲನೇ ಮುಕ್ಕಾಮಿನ ಊಟ ಪ್ರತಿ ವರ್ಷಾ ಸಾವಕಾರಂದ ಇರತಿತ್ತು ಅನ್ನೂದು ನನಗ ಆವಾಗ ಗೊತ್ತಾತು. ಹೆಂಡತಿ ಹೇಳಿದ್ಳು. ನನ್ನ ಮೈಯೆಲ್ಲಾ ಉರದು ಹೋತು. ಕೋರ್ಟಿನ ಮಾತು ಬೇಕು ಅಂದಾವ್ರು ಅದ ಮನಿ ಹೋಳಗಿ ಉಣ್ಣತಿದ್ದರಲ್ಲ! ತೀರ್ಪಿನ ನಕಲು ಬ್ಯಾಗಿನ್ಯಾಗ ತುರಕಿಕೊಂಡು ಆ ಮುಕ್ಕಾಮಿಗೆ ಹೋದೆ. ಮಂದಿ ಮುಂದ ಆ ಹಿರ್ಯಾನ ನೀರು ಇಳಸಬೇಕಂತ ದಾರಿ ತುಂಬ ಮಾತು ಜೋಡಿಸಿಕೋತ ಹೋಗಿದ್ದೆ.

ಹೋಗೂದ್ರಾಗ ಪಂಕ್ತಿ ಕುಂತಿತ್ತು. ಮೊದಲನೇ ಜಾಗಾದಾಗ ಮಹಾರಾಜರು. ಎಲ್ಲಾರಿಗಿಂತ ಕಡೀಕ, ಬರೇ ಕೊರಳಲೇ, ನನ್ನ ಡ್ರೈವರ್. ಅವನ ಹಿಂದ ಹೆಂಡತಿ ಒಂದು ಗಂಟು ಹಿಡಕೊಂಡು ನಿಂತಿದ್ದಳು. ಸಾವಕಾರ ಹೆಗಲ ಮ್ಯಾಲ ಟಾವೆಲ್ ಹಾಕ್ಕೊಂಡು, ಸವಟಲೇ ತಾನ ಸಾರು ನೀಡಿಕೋತ ಬರಾಕತ್ತಿದ್ದ. ಡ್ರೈವರನ ಮುಂದ ಬಂದು ನಿಂತು, ಏನೂ ಆಗಿಲ್ಲ ಅನ್ನೂವಂಗ ನಕ್ಕೋತ, “ನೀಡ್ಲೇನೋ?” ಅಂದ.

ಡ್ರೈವರ್ ಪತ್ರಾವಳಿ ಮ್ಯಾಲ ಅಡ್ಡ ಕೈ ಹಿಡದ. “ಬ್ಯಾಡ್ರಿ.”

“ಯಾಕ ಬ್ಯಾಡ?” ಅಂತ ಆ ತುದಿಯಿಂದ ಮಹಾರಾಜರು ಗಟ್ಟಿಯಾಗಿ ಕೇಳಿದ್ರು. “ಪಂಕ್ತಿಯೊಳಗ ಕುಂತು ಪ್ರಸಾದ ಬ್ಯಾಡ ಅನಬಾರದು.”

ಅವ ಎದ್ದು ನಿಂತ. ಕೋರ್ಟಿನ್ಯಾಗ ಕೈ ನೋಡಿಕೋತ ನಿಂತಾವ ಈಗ ನೆಟ್ಟಗ ಮಾರಿ ನೋಡಿ ಮಾತಾಡಿದ. “ಮಾಲಿ ಹಾಕಿದವ್ರು ದಾರೂ ಕುಡಿಯವ್ರ ಕೈಲೆ ನೀರೂ ಕುಡಿಯಂಗಿಲ್ಲ ಅಂತ ನೀವ ಹೇಳೀರಿ ಮಹಾರಾಜ್ರ. ಅವತ್ತು ಗಾಡಿ ಹೊಡದವ್ರು ಇವ್ರು. ಕುಡದವ್ರೂ ಇವ್ರ. ನಾ ಉಣ್ಣಂಗಿಲ್ಲ.”

ಸವಟಿನ ಸಾರು ಸಾವಕಾರನ ಧೋತರದ ಮ್ಯಾಲ ಸೋರಿತು. ಮಹಾರಾಜರು ತುತ್ತು ಹಿಡದ ಕೈ ಎತ್ತಲೂ ಇಲ್ಲ, ಇಳಸಲೂ ಇಲ್ಲ. ಪಂಕ್ತಿಯೊಳಗ ಒಬ್ಬರೂ ಉಣ್ಣಲಿಲ್ಲ, ಒಬ್ಬರೂ ಏಳಲಿಲ್ಲ.

ಹೆಂಡತಿ ಗಂಟು ಕೆಳಗ ಇಟ್ಟು, ಸೆರಗಿನ ತುದಿ ಬಿಚ್ಚಿ, ಮಾಲಿ ತಗದ್ಳು. ಯಾರನ್ನೂ ಕೇಳಲಿಲ್ಲ. ಎಲ್ಲಾರ ಮುಂದ ಗಂಡನ ಕೊರಳಿಗೆ ಹಾಕಿದ್ಳು. ಆಮ್ಯಾಲ ಗಂಟು ಬಿಚ್ಚಿ, ನನ್ನ ಕಡೆ ತಿರುಗಿ, “ಬರ್ರಿ ಅಕ್ಕಾರ, ಕುಂದರ್ರಿ. ನಮ್ಮ ಮನಿ ರೊಟ್ಟಿ ಅದಾವ” ಅಂದ್ಳು.

ಕುಂತೆ. ದಾರಿ ತುಂಬ ಜೋಡಿಸಿಕೊಂಡು ಹೋದ ಒಂದು ಮಾತೂ ಬೇಕಾಗಲಿಲ್ಲ, ಬ್ಯಾಗಿನ್ಯಾಗಿನ ತೀರ್ಪನ್ನ ಯಾರೂ ಕೇಳಲಿಲ್ಲ. ಕೋರ್ಟಿನ್ಯಾಗ ನಾ ಎರಡು ಸಲ ಕೇಳಿದ ಪ್ರಶ್ನೆಗೆ ಅವ ಉತ್ತರ ಕೊಟ್ಟಿದ್ದ, ತನ್ನ ಬಾಯಿಲೇ, ತನ್ನ ಮಾತಿನ್ಯಾಗ. ಬರಕೊಳ್ಳಾಕ ಅಲ್ಲಿ ಯಾರೂ ಇರಲಿಲ್ಲ.